ವೇಷವಿಲ್ಲದ ಆಟಗಳು

ಬೆಂಗಳೂರಿಗೆ ವಿಡಿಯೋ ಗೇಮ್ ಎಂದರೆ ಹೊತ್ತು ಕಳೆಯುವ ಸಾಧನವಷ್ಟೇ ಅಲ್ಲ, ಅನ್ನ ಕೊಡುವ ಕೆಲಸವೂ ಹೌದು. ರಾಜೇಶ್ ರಾವ್ ಅವರು 1997ರಲ್ಲಿ ಇಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಸಂಸ್ಥೆಯ ಕಲಾವಿದರು ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಆಟಗಳ ಕಾರುಗಳಿಗೆ ದುಡಿದವರು. ಆ ಸಂಸ್ಥೆ 2016ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್ ಪಾಲಾಯಿತು, 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ತಯಾರಿಸುವ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಹೊರದೇಶದ ದೊಡ್ಡ ಆಟಗಳಲ್ಲಿ ಕಾಣುವ ಮರ, ಬಂಡಿ, ಬಟ್ಟೆ, ಗೋಡೆಯ ಬಿರುಕು ಇವುಗಳಲ್ಲಿ ಎಷ್ಟೋ ನಮ್ಮ ಊರಿನವರ ಕೈಯಿಂದಲೇ ಬಂದಿವೆ. ಹಾಗಾಗಿ ದೊಡ್ಡ ಆಟವೊಂದರ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದರ ಕಡತಗಳಿಂದ ಹೊರಬಿದ್ದ ಲೆಕ್ಕದ ಪ್ರಕಾರ ‘ದ ಲಾಸ್ಟ್ ಆಫ್ ಅಸ್’ ಆಟದ ಎರಡನೆಯ ಭಾಗಕ್ಕೆ ತಗುಲಿದ ಖರ್ಚು ಸುಮಾರು 22 ಕೋಟಿ ಡಾಲರ್. ನಮ್ಮ ರೂಪಾಯಿಯಲ್ಲಿ 1,800 ಕೋಟಿಯ ಆಸುಪಾಸು. ಸುಮಾರು ಇನ್ನೂರು ಜನ ವರ್ಷಗಟ್ಟಲೆ ಅದಕ್ಕೆ ದುಡಿದಿದ್ದರು. ಅಂಥ ಆಟಗಳಲ್ಲಿ ದುಡ್ಡಿನ ದೊಡ್ಡ ಪಾಲು ಖರ್ಚಾಗುವುದು ಕಣ್ಣಿಗೆ ಕಾಣುವುದರ ಮೇಲೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕಣ್ಣಿಗೆ ಕಾಣುವುದೇ ಆಟ ಎಂದು ನಂಬಿಬಿಡುವುದು ತಪ್ಪು. ಅದನ್ನು ತಿದ್ದಿಕೊಳ್ಳಲು ಸಣ್ಣ ಬಜೆಟ್ಟಿನ ಜಪಾನಿ ರೋಲ್ ಪ್ಲೇಯಿಂಗ್ ಆಟಗಳಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಈ ಬಗೆಯ ಆಟಗಳ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ಜೆಆರ್‌ಪಿಜಿ ಎಂದು ಕರೆಯುವ ಇವುಗಳಲ್ಲಿ ಮೂರು ನಾಲ್ಕು ಮಂದಿಯ ತಂಡವೊಂದು ಊರಿಂದ ಊರಿಗೆ ಹೋಗುತ್ತದೆ, ಊರಿನವರ ಜೊತೆ ಮಾತಾಡುತ್ತದೆ, ದಾರಿಯಲ್ಲಿ ಎದುರಾದ ಮೃಗ ರಾಕ್ಷಸರ ಜೊತೆ ಸರದಿಯ ಪ್ರಕಾರ ಕಾದಾಡುತ್ತದೆ. ಗೆದ್ದಂತೆಲ್ಲ ಪಾತ್ರಗಳ ಲೆವೆಲ್ ಏರುತ್ತದೆ, ಕಥೆ ಮುಂದೆ ಸಾಗುತ್ತದೆ. ಇದಕ್ಕೆ ಅಚ್ಚು ಹಾಕಿಕೊಟ್ಟದ್ದು 1986ರ ‘ಡ್ರ್ಯಾಗನ್ ಕ್ವೆಸ್ಟ್’. ಆ ಇಡೀ ಆಟ 64 ಕಿಲೋಬೈಟಿನಲ್ಲಿ ಅಡಗಿತ್ತು. ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಸಾಧಾರಣ ಫೋಟೊ ಕೂಡ ಅದಕ್ಕಿಂತ ದೊಡ್ಡದಿರುತ್ತದೆ. ಒಂದು ರಾಜ್ಯ, ಅದರ ಊರುಗಳು, ಗುಹೆಗಳು, ಕಾಳಗದ ಲೆಕ್ಕ, ಸಂಗೀತ ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕಾಗಿತ್ತು. ಅಂದರೆ ಈ ಬಗೆಯ ಆಟ ಹುಟ್ಟಿದ್ದೇ ಇಕ್ಕಟ್ಟಿನಲ್ಲಿ. 1997ರ ‘ಫೈನಲ್ ಫ್ಯಾಂಟಸಿ 7’ ಕೋಟಿಗಟ್ಟಲೆ ಡಾಲರ್ ಸುರಿದು, ಸಿನಿಮಾದಂಥ ದೃಶ್ಯಗಳನ್ನು ತಂದು, ಲೋಕದ ಗಮನ ಸೆಳೆಯಿತು. ಅಲ್ಲಿಂದ ಮುಂದೆ ದಾರಿ ಎರಡಾಯಿತು. ಒಂದು ಕಡೆ ಸಿನಿಮಾದ ಜೊತೆ ಪೈಪೋಟಿಗೆ ಇಳಿದ ಬೆರಳೆಣಿಕೆಯ ದೊಡ್ಡ ಹೆಸರುಗಳು. ಇನ್ನೊಂದು ಕಡೆ ನಿಹಾನ್ ಫಾಲ್ಕಮ್, ಗಸ್ಟ್, ನಿಪ್ಪಾನ್ ಇಚಿಯಂಥ ಸಣ್ಣ ಸಂಸ್ಥೆಗಳು, ದೊಡ್ಡ ಸಂಸ್ಥೆಗಳ ಒಳಗೇ ಕೆಲಸ ಮಾಡುವ ಸಣ್ಣ ತಂಡಗಳು. ನಮ್ಮಲ್ಲಿ ಪತ್ರಿಕೆ, ಯೂಟ್ಯೂಬ್, ಹರಟೆಗಳಲ್ಲಿ ಮಾತಿಗೆ ಬರುವುದು ಮೊದಲ ಗುಂಪು ಮಾತ್ರ.

ಎರಡನೆಯ ಗುಂಪಿನಿಂದ ಒಂದೇ ಆಟವನ್ನು ಎತ್ತಿಕೊಳ್ಳಬೇಕೆಂದರೆ ನಾನು ಎತ್ತಿಕೊಳ್ಳುವುದು 2021ರ ‘ಡಂಜನ್ ಎನ್‌ಕೌಂಟರ್ಸ್’. ಇದರ ನಿರ್ದೇಶಕ ಹಿರೋಯುಕಿ ಇತೊ ಸಾಮಾನ್ಯರಲ್ಲ. 1991ರ ‘ಫೈನಲ್ ಫ್ಯಾಂಟಸಿ 4’ರಲ್ಲಿ, ಎದುರಾಳಿ ನಮ್ಮ ಸರದಿಗಾಗಿ ಕಾಯದೆ ಗಡಿಯಾರದ ಜೊತೆ ಓಡುವ ಕಾಳಗದ ಪದ್ಧತಿಯನ್ನು ತಂದವರು ಅವರು. ಮೂವತ್ತು ವರ್ಷದ ಮೇಲೆ, ದೊಡ್ಡ ಸಂಸ್ಥೆಯಾದ ಸ್ಕ್ವೇರ್ ಎನಿಕ್ಸ್ ಒಳಗೇ ಕೂತು, ಅವರು ಈ ಆಟದಿಂದ ಹೆಚ್ಚುಕಡಿಮೆ ಎಲ್ಲವನ್ನೂ ತೆಗೆದುಹಾಕಿದರು. ಊರಿಲ್ಲ, ಕಾಡಿಲ್ಲ, ಗೋಡೆಯೂ ಇಲ್ಲ. ಇರುವುದು ಚೌಕಳಿ ಕಾಗದದಂಥ ನೆಲ, ಕೆಲವು ಚೌಕಗಳಲ್ಲಿ ಒಂದೊಂದು ಸಂಖ್ಯೆ. ಆ ಸಂಖ್ಯೆಯ ಮೇಲೆ ಕಾಲಿಟ್ಟರೆ ಕಾಳಗವೋ ಅಂಗಡಿಯೋ ಮೆಟ್ಟಿಲೋ ಒಗಟೋ ಎದುರಾಗುತ್ತದೆ. ಪ್ರತಿ ಪಾತ್ರಕ್ಕೂ ಜೀವದ ಅಂಕಿ ಒಂದು, ಅದರ ಮುಂದೆ ಕಾವಲಿಗೆ ನಿಂತಂತೆ ಇನ್ನೆರಡು ಅಂಕಿ: ಆಯುಧದ ಪೆಟ್ಟನ್ನು ತಡೆಯುವುದು ಒಂದು, ಮಂತ್ರದ ಪೆಟ್ಟನ್ನು ತಡೆಯುವುದು ಇನ್ನೊಂದು. ಕಾವಲನ್ನು ಸೊನ್ನೆಗೆ ಇಳಿಸಿದ ಮೇಲೆಯೇ ಜೀವಕ್ಕೆ ಪೆಟ್ಟು. ಕಾವಲಿನಲ್ಲಿ ಹತ್ತು ಉಳಿದಿರುವಾಗ ನೂರರ ಪೆಟ್ಟು ಹಾಕಿದರೆ ಮಿಕ್ಕ ತೊಂಬತ್ತು ವ್ಯರ್ಥ. ಎಷ್ಟೋ ಆಯುಧಗಳ ಪೆಟ್ಟು ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಹಾಗಾಗಿ ಯಾರು ಮೊದಲು ಹೊಡೆಯಬೇಕು, ಯಾರ ಕೈಗೆ ಬೇಕೆಂದೇ ಸಣ್ಣ ಆಯುಧ ಕೊಡಬೇಕು, ಗಡಿಯಾರ ಓಡುತ್ತಿರುವಾಗ ಯಾವ ಶತ್ರುವನ್ನು ಬಿಟ್ಟು ಯಾವ ಶತ್ರುವಿನ ಕಡೆ ತಿರುಗಬೇಕು ಎಂಬ ಲೆಕ್ಕವೇ ಆಟವಾಗುತ್ತದೆ. ತಂಡ ಪೂರ್ತಿ ಸೋತರೆ ಬಿದ್ದವರು ಬಿದ್ದಲ್ಲೇ ಉಳಿಯುತ್ತಾರೆ. ಹೊಸ ತಂಡ ಕಟ್ಟಿಕೊಂಡು ಹೋಗಿ ಅವರನ್ನು ಕರೆತರಬೇಕು. ಮೊದಲ ಮಹಡಿಗಳಲ್ಲಿ ಒಣ ಲೆಕ್ಕದ ಪುಸ್ತಕದಂತೆ ಕಂಡದ್ದು ಮೂವತ್ತನೇ ಮಹಡಿ ದಾಟುವಷ್ಟರಲ್ಲಿ ಎದೆ ಹೊಡೆದುಕೊಳ್ಳುವ ಸಾಹಸವಾಗಿರುತ್ತದೆ. ಮುಂದಿನ ಚೌಕದಲ್ಲಿ ಇರುವುದು ಬರೀ ಒಂದು ಸಂಖ್ಯೆ, ಅಷ್ಟಕ್ಕೇ ಕೈ ತಡೆಯುತ್ತದೆ. ಆ ಭಯವನ್ನು ಯಾವ ಚಿತ್ರವೂ ಕೊಟ್ಟದ್ದಲ್ಲ. ಅದನ್ನು ಕೊಟ್ಟದ್ದು ನಿಯಮ.

ಕನ್ನಡದ ಪ್ರೇಕ್ಷಕರಿಗೆ ಇದು ಹೊಸ ಅನುಭವವಾಗಬೇಕಾಗಿಲ್ಲ. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ, ಅಲ್ಲಿನವರು ಬಂದು ನೆಲೆಸಿದ ಬೆಂಗಳೂರಿನ ಬಡಾವಣೆಗಳಲ್ಲಿ ತಾಳಮದ್ದಳೆ ಇದೆ. ಯಕ್ಷಗಾನದ ಕಿರೀಟ, ಗೆಜ್ಜೆ, ಬಣ್ಣ, ಕುಣಿತ ಒಂದೂ ಅಲ್ಲಿಲ್ಲ. ಭಾಗವತರ ಹಾಡು, ಚೆಂಡೆ ಮದ್ದಳೆ, ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿಗಳ ಮಾತು, ಅಷ್ಟೇ. ಶೇಣಿ ಗೋಪಾಲಕೃಷ್ಣ ಭಟ್ಟರೋ ದೇರಾಜೆ ಸೀತಾರಾಮಯ್ಯನವರೋ ಅರ್ಥ ಹೇಳುವಾಗ ವೇಷ ಇಲ್ಲವಲ್ಲ ಎಂದು ಕೊರಗಿದ ಪ್ರೇಕ್ಷಕರಿರಲಿಲ್ಲ. ವೇಷ ಇಲ್ಲದ್ದರಿಂದಲೇ ವಾಲಿ ರಾಮನಿಗೆ ಕೇಳಿದ ಪ್ರಶ್ನೆಯ ಹರಿತ ಪೂರ್ತಿ ಕಿವಿಗೆ ಬಿತ್ತು. ಬಯಲಾಟವೂ ಬೇಕು, ತಾಳಮದ್ದಳೆಯೂ ಬೇಕು ಎಂದು ತಿಳಿದ ಜನ ನಾವು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬಾರದು ಎಂಬ ಈ ವಿವೇಕವನ್ನು ಆಟಗಳ ವಿಷಯದಲ್ಲಿ ಏಕೆ ಕೈಬಿಡಬೇಕು?

ಇನ್ನು ಫಾಲ್ಕಮ್ ಸಂಸ್ಥೆಯ ‘ಟ್ರೇಲ್ಸ್’ ಸರಣಿ. 1981ರಲ್ಲಿ ಶುರುವಾದ ಈ ಸಂಸ್ಥೆ ಇಷ್ಟು ದಶಕಗಳಾದರೂ ಚಿಕ್ಕದಾಗಿಯೇ ಉಳಿದಿದೆ. 2004ರಲ್ಲಿ ಬಂದ, ಸರಣಿಯ ಮೊದಲ ಆಟ ‘ಟ್ರೇಲ್ಸ್ ಇನ್ ದ ಸ್ಕೈ’ ಲಿಬರ್ಲ್ ಎಂಬ ಪುಟ್ಟ ರಾಜ್ಯದಲ್ಲಿ ನಡೆಯುತ್ತದೆ. ಎಸ್ಟೆಲ್ ಎಂಬ ಹುಡುಗಿ, ಅವಳ ಮನೆಗೆ ಬಂದು ಸೇರಿದ ಜೋಶುವಾ ಎಂಬ ಹುಡುಗ ಇಬ್ಬರೂ ಊರೂರು ಸುತ್ತಿ ಜನರ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತಾರೆ. 2006ರ ಎರಡನೆಯ ಭಾಗವೂ ಅದೇ ರಾಜ್ಯದಲ್ಲಿ, ಅದೇ ಬೀದಿಗಳಲ್ಲಿ, ಅದೇ ಅಂಗಡಿಗಳ ಮುಂದೆ ನಡೆಯುತ್ತದೆ. ಹೊಸ ರಾಜ್ಯ ಚಿತ್ರಿಸಲು ಹಣವಿಲ್ಲ, ಹಳೆಯದನ್ನೇ ಬಳಸಿದ್ದಾರೆ ಎಂದು ಮೂಗು ಮುರಿಯುವುದು ಸುಲಭ. ಆದರೆ ಆ ಬೀದಿಗಳಲ್ಲಿ ಇರುವವರ ಮಾತು ಕೇಳಿ. ಕಥೆಯಲ್ಲಿ ಒಂದು ಸಣ್ಣ ತಿರುವು ಬಂದರೆ ಸಾಕು, ಊರಿನ ಎಲ್ಲರ ಮಾತೂ ಬದಲಾಗುತ್ತದೆ. ಬೆಳಗ್ಗೆ ಜಗಳ ಮಾಡಿದ ಗಂಡ ಹೆಂಡತಿ ಸಂಜೆ ರಾಜಿಯಾಗಿರುತ್ತಾರೆ. ಪ್ರೀತಿಸಿದವಳು ಒಲ್ಲೆನೆಂದದ್ದಕ್ಕೆ ಊರು ಬಿಟ್ಟು ಅಲೆಯುವ ಆಂಟನ್ ಎಂಬ ಬಡಪಾಯಿ ಒಂದು ಆಟದಿಂದ ಇನ್ನೊಂದು ಆಟಕ್ಕೆ ಕಾಲೆಳೆದುಕೊಂಡು ಬರುತ್ತಾನೆ. ಇವರಲ್ಲಿ ಯಾರೂ ಮುಖ್ಯ ಕಥೆಗೆ ಬೇಕಾದವರಲ್ಲ. ಆಡುವವರಲ್ಲಿ ಮುಕ್ಕಾಲು ಪಾಲು ಜನ ಅವರನ್ನು ಮಾತಾಡಿಸದೆಯೇ ಮುಂದೆ ಹೋಗಬಹುದು. ಆದರೂ ಬರೆದಿದ್ದಾರೆ.

ದೊಡ್ಡ ಬಜೆಟ್ಟಿನ ಆಟ ಈ ಕೆಲಸಕ್ಕೆ ಹಿಂಜರಿಯುವುದಕ್ಕೆ ಒಂದು ಕಾರಣವಿದೆ. ಅಲ್ಲಿ ಪ್ರತಿ ಮಾತಿಗೂ ನಟರ ದನಿ ಬೇಕು, ಸ್ಟುಡಿಯೋ ಬೇಕು, ತುಟಿಯ ಚಲನೆ ಹೊಂದಿಸಬೇಕು, ಮತ್ತೆ ಇದನ್ನೆಲ್ಲ ಇನ್ನೂ ಹಲವು ಭಾಷೆಗಳಲ್ಲಿ ಮಾಡಬೇಕು. ಒಮ್ಮೆ ದನಿ ಮುದ್ರಿಸಿದ ಮೇಲೆ ಬರಹಗಾರರಿಗೆ ಒಂದು ಸಾಲು ತಿದ್ದಬೇಕೆನಿಸಿದರೂ ಅದು ಖರ್ಚಿನ ಬಾಬ್ತು. ಬರೀ ಅಕ್ಷರದಲ್ಲಿರುವ ಮಾತನ್ನು ಕೊನೆಯ ವಾರದವರೆಗೂ ತಿದ್ದಬಹುದು, ಬೆಳೆಸಬಹುದು, ಬೀದಿಯ ಮೂಲೆಯ ಬೇಕರಿಯವನಿಗೂ ಹತ್ತು ಬಗೆಯ ಮಾತು ಬರೆಯಬಹುದು. ಚಿತ್ರದಲ್ಲಿ ಉಳಿಸಿದ ಹಣ ಇಲ್ಲಿ ಬರವಣಿಗೆಯಾಗಿ ಮರಳಿ ಬಂದಿದೆ. ಅದರ ಗಾತ್ರ ಎಷ್ಟೆಂದರೆ, 2006ರಲ್ಲಿ ಜಪಾನಿನಲ್ಲಿ ಬಂದ ಎರಡನೆಯ ಭಾಗ ಇಂಗ್ಲಿಷಿಗೆ ಬರಲು 2015ರವರೆಗೆ ಕಾಯಬೇಕಾಯಿತು. ಅನುವಾದಕರ ಪಾಲಿಗೆ ಅದೊಂದು ಬೆಟ್ಟ. ಒಂದೇ ಊರಿಗೆ ಮತ್ತೆ ಮತ್ತೆ ಮರಳುವುದರಿಂದ ಆಟಗಾರನಿಗೆ ಆ ಊರಿನ ಮೇಲೆ ಋಣ ಬೆಳೆಯುತ್ತದೆ. ಎರಡನೆಯ ಭಾಗದಲ್ಲಿ ಆ ಊರಿಗೆ ಅಪಾಯ ಬಂದಾಗ, ನಮಗೆ ಗೊತ್ತಿರುವ ಜನರಿಗೆ ಏನಾಯಿತೋ ಎಂಬ ಕಳವಳ ಹುಟ್ಟುತ್ತದೆ. ನೂರು ಹೊಸ ಊರುಗಳನ್ನು ತೋರಿಸುವ ಆಟಕ್ಕೆ ಇದು ದಕ್ಕುವುದು ಕಷ್ಟ.

ಕೊರತೆಯನ್ನು ಹೀಗೆ ಆಟದ ತಿರುಳನ್ನಾಗಿ ಮಾಡಿಕೊಂಡವರು ಇನ್ನೂ ಇದ್ದಾರೆ. ಆಟ್ಲಸ್ ಸಂಸ್ಥೆ 2007ರಲ್ಲಿ ಎರಡು ಪರದೆಯ ನಿಂಟೆಂಡೊ ಡಿಎಸ್‌ಗೆ ತಂದ ‘ಎಟ್ರಿಯನ್ ಒಡಿಸ್ಸಿ’ಯ ಕಾಡಿನ ಓಣಿಗಳೆಲ್ಲ ನೋಡಲು ಒಂದೇ ಥರ. ಅದರಿಂದ ದಾರಿ ತಪ್ಪುವುದು ಸಹಜ. ಆಟ ಅದನ್ನು ಮುಚ್ಚಿಡಲಿಲ್ಲ. ಕೆಳಗಿನ ಪರದೆಯಲ್ಲಿ ಒಂದು ಖಾಲಿ ಹಾಳೆ ಇಟ್ಟು, ಕಡ್ಡಿಯಿಂದ ನಕ್ಷೆಯನ್ನು ನೀವೇ ಬರೆದುಕೊಳ್ಳಿ ಎಂದಿತು. ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಬಲಶಾಲಿ ಮೃಗ ಯಾವ ದಾರಿಯಲ್ಲಿ ಓಡಾಡುತ್ತದೆ ಎಂದು ಗುರುತು ಹಾಕುತ್ತ ಹಾಕುತ್ತ ಆ ಕಾಡು ಆಟಗಾರನ ಸ್ವಂತದ್ದಾಗುತ್ತದೆ. ‘ಫೈನಲ್ ಫ್ಯಾಂಟಸಿ’ ಮಾಡುತ್ತಿದ್ದ ಸ್ಕ್ವೇರ್‌ನಿಂದ ಹೊರಬಂದ ಕೆಲವರು ಲವ್-ಡೆ-ಲಿಕ್ ಎಂಬ ಪುಟ್ಟ ಸಂಸ್ಥೆ ಕಟ್ಟಿ 1997ರಲ್ಲಿ, ‘ಫೈನಲ್ ಫ್ಯಾಂಟಸಿ 7’ ಬಂದ ವರ್ಷವೇ, ‘ಮೂನ್’ ಎಂಬ ಆಟ ಮಾಡಿದರು. ಅದರಲ್ಲಿ ಹುಡುಗನೊಬ್ಬ ತಾನು ಆಡುತ್ತಿದ್ದ ಆಟದೊಳಕ್ಕೇ ಸೇರಿಹೋಗುತ್ತಾನೆ. ಅಲ್ಲಿ ‘ವೀರ’ನೆನಿಸಿಕೊಂಡವನು ಅನುಭವದ ಅಂಕ ಗಳಿಸಲು ಸಿಕ್ಕಸಿಕ್ಕ ಪ್ರಾಣಿಗಳನ್ನು ಕೊಂದು ಹಾಕಿರುತ್ತಾನೆ, ಜನರ ಮನೆಗೆ ನುಗ್ಗಿ ಪೆಟ್ಟಿಗೆ ಜಾಲಾಡಿರುತ್ತಾನೆ. ಹುಡುಗನ ಕೆಲಸ ಸತ್ತ ಪ್ರಾಣಿಗಳ ಆತ್ಮಕ್ಕೆ ಮುಕ್ತಿ ಕೊಡಿಸುವುದು, ಊರಿನ ಜನರ ದಿನಚರಿ ತಿಳಿದು ಅವರ ಪ್ರೀತಿ ಗಳಿಸುವುದು. ಅವನ ಲೆವೆಲ್ ಏರುವುದು ಕೊಲೆಯಿಂದಲ್ಲ, ಪ್ರೀತಿಯಿಂದ. ಒಂದು ಇಡೀ ಬಗೆಯ ಆಟಗಳ ನೈತಿಕತೆಯನ್ನೇ ಕಟಕಟೆಗೆ ನಿಲ್ಲಿಸಿದ ಈ ಕೃತಿ ಇಂಗ್ಲಿಷಿನಲ್ಲಿ ಬಂದದ್ದು 2020ರಲ್ಲಿ. ಕೋಟ್ಯಂತರ ಡಾಲರ್ ಹಾಕಿದವರು ಇಂಥ ಪ್ರಶ್ನೆ ಕೇಳುವ ಧೈರ್ಯ ಮಾಡುವುದು ಅಪರೂಪ, ಏಕೆಂದರೆ ಹಾಕಿದ ಹಣ ಮರಳಬೇಕಾದರೆ ಯಾರಿಗೂ ಮುಜುಗರವಾಗಬಾರದು.

ಹಾಗಾದರೆ ಬಡತನವೇ ಕಲೆಯ ತಾಯಿ ಎಂದು ನಾನು ಹೇಳುತ್ತಿದ್ದೇನೆಯೇ? ಇಲ್ಲ. ಅಗ್ಗದ ಜೆಆರ್‌ಪಿಜಿಗಳಲ್ಲಿ ಕೆಟ್ಟವು ಬೇಕಾದಷ್ಟಿವೆ. ಒಂದೇ ಗುಹೆಯನ್ನು ಬಣ್ಣ ಬದಲಿಸಿ ಐದು ಸಲ ಸುತ್ತಿಸುವವು, ಹತ್ತು ಗಂಟೆಯ ಕಥೆಯನ್ನು ಅರ್ಥವಿಲ್ಲದ ಕಾಳಗಗಳಿಂದ ಐವತ್ತು ಗಂಟೆಗೆ ಹಿಗ್ಗಿಸುವವು, ಬರವಣಿಗೆಯಲ್ಲಿ ಸತ್ವ ಇಲ್ಲದ್ದಕ್ಕೆ ಎಳೆಯ ಹುಡುಗಿಯರ ಚಿತ್ರಗಳನ್ನು ಅಸಭ್ಯವಾಗಿ ಮುಂದಿಟ್ಟು ಮಾರುವವು. ಇಂಥವನ್ನು ಸಮರ್ಥಿಸಲು ನನ್ನ ಹತ್ತಿರ ಒಂದು ಮಾತೂ ಇಲ್ಲ. ವ್ಯತ್ಯಾಸ ಗುರುತಿಸಲು ಒಂದು ಪ್ರಶ್ನೆ ಸಾಕು: ಈ ಆಟಕ್ಕೆ ನಾಳೆ ಹತ್ತು ಪಟ್ಟು ಹಣ ಸಿಕ್ಕರೆ ಇಲ್ಲಿ ಕಾಣುವ ಕೊರತೆಯನ್ನು ತುಂಬಿಬಿಡುತ್ತಿದ್ದರೇ, ಅಥವಾ ಹಾಗೇ ಉಳಿಸಿಕೊಳ್ಳುತ್ತಿದ್ದರೇ? ಬಣ್ಣ ಬದಲಿಸಿದ ಗುಹೆಯನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ‘ಡಂಜನ್ ಎನ್‌ಕೌಂಟರ್ಸ್’ನ ಸಂಖ್ಯೆಗಳ ಜಾಗಕ್ಕೆ ರಾಕ್ಷಸರ ಚಿತ್ರ ತಂದರೆ ಆಟವೇ ಕೆಡುತ್ತದೆ. ‘ಎಟ್ರಿಯನ್ ಒಡಿಸ್ಸಿ’ಯ ನಕ್ಷೆಯನ್ನು ಯಂತ್ರವೇ ಬರೆದುಕೊಟ್ಟರೆ ಉಳಿಯುವುದು ಬರೀ ಓಣಿ. ಕೊರತೆ ಎಲ್ಲಿ ತೀರ್ಮಾನವಾಗಿ ಮಾರ್ಪಟ್ಟಿದೆಯೋ ಅಲ್ಲಿ ಮೆಚ್ಚುಗೆ ಸಲ್ಲಬೇಕು.

ಇದೆಲ್ಲ ಬಾಲ್ಯದ ಹಳಹಳಿಕೆ, ಚಿಕ್ಕಂದಿನಲ್ಲಿ ಆಡಿದ ಹಳೆಯ ಆಟಗಳ ನೆನಪಿಗೆ ಕೊಟ್ಟ ಪಾಂಡಿತ್ಯದ ಹೊದಿಕೆ ಎಂಬ ಆಕ್ಷೇಪವನ್ನು ಪಶ್ಚಿಮದ ವಿಮರ್ಶಕರು ಆಗಾಗ ಎತ್ತುತ್ತಾರೆ. ಅಮೆರಿಕ, ಜಪಾನುಗಳ ಮಟ್ಟಿಗೆ ಅದರಲ್ಲಿ ಹುರುಳಿರಬಹುದು. ಇಲ್ಲಿ ಅದು ನಿಲ್ಲುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳ ಟಿವಿಗೆ ಸಿಕ್ಕಿಸುತ್ತಿದ್ದ ಅಗ್ಗದ ನಕಲಿ ಯಂತ್ರಗಳಲ್ಲಿ ಮಾರಿಯೋ ಇತ್ತು, ಕಾಂಟ್ರಾ ಇತ್ತು. ಓದಿ ಆಡಬೇಕಾದ ಜಪಾನಿ ಆಟಗಳು ಇಲ್ಲಿಗೆ ಬಂದದ್ದೇ ವಿರಳ. ಇವತ್ತು ಕನ್ನಡಿಗನೊಬ್ಬ ಇವುಗಳನ್ನು ಮೆಚ್ಚಿದರೆ, ದೊಡ್ಡವನಾದ ಮೇಲೆ ಹೊಸದಾಗಿ ಕಂಡು ಮೆಚ್ಚಿರುತ್ತಾನೆ. ಅಂಥ ಮೆಚ್ಚುಗೆಗೆ ನೆನಪಿನ ಸಾಲ ಇಲ್ಲ.

ಸಮಯದ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಐವತ್ತು ಅರವತ್ತು ಗಂಟೆ ಯಾರಿಗಿದೆ? ಎಲ್ಲ ಆಟಗಳೂ ಅಷ್ಟು ಕೇಳುವುದಿಲ್ಲ. 2009ರ ‘ಹಾಫ್-ಮಿನಿಟ್ ಹೀರೊ’ ಜಗತ್ತನ್ನು ಉಳಿಸಲು ಮೂವತ್ತು ಸೆಕೆಂಡು ಕೊಟ್ಟು, ಈ ಬಗೆಯ ಆಟಗಳ ಉದ್ದವನ್ನೇ ಗೇಲಿ ಮಾಡಿತು. ಆದರೆ ‘ಟ್ರೇಲ್ಸ್’ ಉದ್ದವಾದದ್ದೇ, ಒಪ್ಪಿಕೊಳ್ಳಬೇಕು. ಧಾರಾವಾಹಿ ಕಾದಂಬರಿಯನ್ನು ವಾರಕ್ಕೊಂದು ಕಂತು ಓದಿದ ಜನ ನಾವು. ದಿನಕ್ಕೆ ಅರ್ಧ ಗಂಟೆಯಂತೆ ಆರು ತಿಂಗಳು ಆಡಿದರೂ ಅದು ಕೆಡುವಂಥದ್ದಲ್ಲ. ಇವು ಯಾವುವೂ ಕನ್ನಡದಲ್ಲಿ ಇಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮಾತಿನ ಮೇಲೆ ನಿಂತ ಆಟಕ್ಕೆ ಭಾಷೆಯೇ ಬಾಗಿಲು. ಇಂಗ್ಲಿಷ್ ಸಲೀಸಾಗಿ ಓದಲಾರದವರಿಗೆ ಆ ಬಾಗಿಲು ಮುಚ್ಚಿದೆ, ಅದು ನಷ್ಟವೇ. ಆದರೂ ಒಂದು ದಿನ ಯಾರಾದರೂ ಆಟವೊಂದನ್ನು ಕನ್ನಡಕ್ಕೆ ತಂದರೆ, ದನಿ ಮುದ್ರಣದ ಖರ್ಚಿಲ್ಲದ ಇಂಥ ಆಟಗಳೇ ಮೊದಲು ಬರಲು ಸಾಧ್ಯ.

ಇನ್ನು ಕೆಲವರು 2025ರ ಫ್ರೆಂಚ್ ಆಟ ‘ಕ್ಲೇರ್ ಓಬ್ಸ್ಕ್ಯೂರ್’ ಅನ್ನು ತೋರಿಸಿ, ಮೂವತ್ತು ಜನರ ಆಸುಪಾಸಿನ ತಂಡವೂ ಈಗ ಕಣ್ಣು ಕೋರೈಸುವಂತೆ ಮಾಡಬಲ್ಲದು, ಸರಳ ಚಿತ್ರಗಳನ್ನು ಇನ್ನೂ ಏಕೆ ಹೊಗಳಬೇಕು ಎನ್ನುತ್ತಾರೆ. ಜಪಾನಿ ಆಟಗಳ ಋಣವನ್ನು ಅದರ ತಯಾರಕರೇ ಒಪ್ಪಿಕೊಂಡಿದ್ದಾರೆ. ಆ ಆಟವನ್ನು ಜನ ಮೆಚ್ಚಿದ್ದರಲ್ಲಿ ಅದರ ಹೊಳಪಿಗಿಂತ ಹೆಚ್ಚಿನ ಪಾಲು, ಸರದಿಯ ಕಾಳಗದಲ್ಲಿ ಎದುರಾಳಿಯ ಏಟನ್ನು ಸರಿಯಾದ ಕ್ಷಣಕ್ಕೆ ತಡೆಯುವ ಅದರ ನಿಯಮದ್ದು ಮತ್ತು ಸಾವಿನ ದುಃಖವನ್ನು ಅದು ಹೇಳಿದ ರೀತಿಯದ್ದು ಎಂದೇ ನನ್ನ ನಂಬಿಕೆ. ಚಿತ್ರ ಮಾಡುವ ಸಲಕರಣೆ ಅಗ್ಗವಾದಷ್ಟೂ ನಿಯಮ ಮತ್ತು ಬರವಣಿಗೆಯ ಬೆಲೆ ಏರುತ್ತದೆ.

ಬೆಂಗಳೂರಿಗೆ ಈ ಮಾತು ಹೊಟ್ಟೆಪಾಡಿನ ಮಾತೂ ಆಗಿದೆ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ದೇಶದಲ್ಲೇ ಮೊದಲು ನೀತಿ ರೂಪಿಸಿತು, 2024ರಲ್ಲಿ ಅದರ ಹೊಸ ಆವೃತ್ತಿ ಬಂತು. ಇಷ್ಟು ವರ್ಷಗಳಲ್ಲಿ ನಾವು ಗಳಿಸಿದ ನಿಪುಣತೆಯ ಬಹುಭಾಗ ಪರರ ಆಟಕ್ಕೆ ಅಲಂಕಾರ ಮಾಡಿಕೊಡುವುದರಲ್ಲಿದೆ. ಆ ಕೆಲಸ ಎಷ್ಟು ನಾಜೂಕಿನದೋ ಅಷ್ಟೇ ಪರಾಧೀನ. 2025ರ ಫೆಬ್ರುವರಿಯಲ್ಲಿ ಸಿನಿಮಾ ಗ್ರಾಫಿಕ್ಸ್ ಕೆಲಸ ಮಾಡುತ್ತಿದ್ದ ಟೆಕ್ನಿಕಲರ್ ಸಮೂಹ ಕುಸಿದಾಗ ಇಲ್ಲಿನ ಎಷ್ಟೋ ಕಲಾವಿದರು ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ಜಗತ್ತಿನ ಆಟದ ಉದ್ಯಮದಲ್ಲಿ 2023ರಲ್ಲೂ 2024ರಲ್ಲೂ ಕೆಲಸ ಹೋದವರ ಸಂಖ್ಯೆ ವರ್ಷಕ್ಕೆ ಹತ್ತು ಸಾವಿರ ದಾಟಿತು. ಒಂದು ಆಟಕ್ಕೆ ಸಾವಿರಾರು ಕೋಟಿ ಹೂಡುವ ಪದ್ಧತಿಯಲ್ಲಿ ಒಂದು ಸೋಲು ಬಂದರೂ ಏಟು ಬೀಳುವುದು ಬೆಂಗಳೂರಿನಂಥ ಊರಿನ ಮೇಲೆ. ನಮ್ಮದೇ ಆಟ ನಾವು ಮಾಡಬೇಕೆಂದರೆ ರಾಕ್‌ಸ್ಟಾರ್‌ನ ‘ರೆಡ್ ಡೆಡ್ ರಿಡೆಂಪ್ಷನ್’ನಂಥ ಭಾರೀ ಆಟವನ್ನು ಗುರಿ ಮಾಡಿಕೊಳ್ಳುವುದು ಹುಚ್ಚು. ಐದಾರು ಜನ, ಒಂದು ಒಳ್ಳೆಯ ನಿಯಮ, ಬರೆಯಬಲ್ಲ ಒಬ್ಬರು, ಮತ್ತೆ ಮತ್ತೆ ಬಳಸಬಹುದಾದ ಒಂದು ಊರು ಇಷ್ಟರಿಂದ ಏನು ಮಾಡಬಹುದೆಂದು ನೋಡಬೇಕಾದರೆ ನೋಡಬೇಕಾದದ್ದು ಫಾಲ್ಕಮ್ ಕಡೆಗೆ, ಇತೊ ಅವರ ಚೌಕಳಿ ಹಾಳೆಯ ಕಡೆಗೆ.

ಆಡುವವರ ಲೆಕ್ಕವೂ ಇದೇ ಕಡೆ ಬೊಟ್ಟು ಮಾಡುತ್ತದೆ. ಪ್ಲೇಸ್ಟೇಷನ್ 5ಕ್ಕೆ ಐವತ್ತು ಸಾವಿರದ ಮೇಲೆ ಬೇಕು, ಹೊಸ ದೊಡ್ಡ ಆಟಕ್ಕೆ ಐದು ಸಾವಿರದ ಹತ್ತಿರ. ಬೆಂಗಳೂರಿನ ಇಟ್ಟಮಡು, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳ ಪಿ.ಜಿ. ಮತ್ತು ಬಾಡಿಗೆ ರೂಮುಗಳಲ್ಲಿ ಇದ್ದು ಕಾಲೇಜಿಗೆ ಹೋಗುವವರ ಲ್ಯಾಪ್‌ಟಾಪಿನಲ್ಲಿ ಎಷ್ಟೋ ಸಲ ಗ್ರಾಫಿಕ್ಸ್ ಕಾರ್ಡೇ ಇರುವುದಿಲ್ಲ. ಇದರಿಂದ ತಾವು ಆಟಗಳ ಲೋಕದ ಹೊರಗೆ ನಿಂತವರು ಎಂದು ಅವರು ತಿಳಿಯಬಾರದು. 2004ರ ‘ಟ್ರೇಲ್ಸ್ ಇನ್ ದ ಸ್ಕೈ’ ಆ ಲ್ಯಾಪ್‌ಟಾಪಿನಲ್ಲೇ ಸಲೀಸಾಗಿ ಓಡುತ್ತದೆ. ಕಾಲೇಜು ಪ್ರಾಜೆಕ್ಟಿಗೆ ಆಟ ಮಾಡಬೇಕೆಂದಿರುವ ಗೆಳೆಯ ಗೆಳತಿಯರೇ, ಮುಂದಿನ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಕೂಡಿಡುವ ಮೊದಲು ಇದನ್ನು ಆಡಿ. ಕಥೆ ತಿರುಗಿದಾಗಲೆಲ್ಲ ನಿಲ್ಲಿ, ಆಟದೊಳಗಿನ ರೋಲೆಂಟ್ ಪಟ್ಟಣದ ಪ್ರತಿಯೊಬ್ಬರನ್ನೂ ಇನ್ನೊಮ್ಮೆ ಮಾತಾಡಿಸಿ, ಅವರ ಮಾತು ಎಲ್ಲಿ ಹೇಗೆ ಬದಲಾಯಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಆಟದ ಕೆಲಸವನ್ನು ಆ ನೋಟ್‌ಬುಕ್ಕಿನಿಂದ ಶುರು ಮಾಡಿ.